ಜೋಳದ ರೊಟ್ಟಿ

ಜೋಳದ ರೊಟ್ಟಿ ಎಂದರೆ ಬಿಳಿಜೋಳದ ಹಿಟ್ಟನ್ನು ಕುದಿನೀರಿನಲ್ಲಿ ಕಲಸಿ ನಾದಿ, ಅಂಗೈಯಿಂದ ತೆಳ್ಳಗೆ ಬಡಿದು, ಎಣ್ಣೆ ಸವರದ ಹಂಚಿನ ಮೇಲೆ ಬೇಯಿಸುವ, ಹುಳಿ ಬರಿಸದ ದುಂಡನೆಯ ರೊಟ್ಟಿ. ಉತ್ತರ ಕರ್ನಾಟಕದ ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಇದು ದಿನದ ಊಟದ ಮುಖ್ಯ ಆಹಾರ. ಮಹಾರಾಷ್ಟ್ರದಲ್ಲಿ ಇದೇ ಜೋಳದ ಭಾಕರಿ, ತೆಲಂಗಾಣ ಮತ್ತು ರಾಯಲಸೀಮೆಗಳಲ್ಲಿ ಜೊನ್ನ ರೊಟ್ಟೆ.

ಕರ್ನಾಟಕದ ಕೆಲವು ಕಡೆ ‘ಜೋಳ’ ಎಂದರೆ ಮೆಕ್ಕೆಜೋಳ ಎಂಬ ಅರ್ಥವೂ ಬಳಕೆಯಲ್ಲಿದೆ. ಇಲ್ಲಿ ಹೇಳುತ್ತಿರುವುದು ಬಿಳಿಜೋಳದ ಮಾತು. ಗೋವಿನಜೋಳ, ಮುಸುಕಿನ ಜೋಳ ಎಂದು ಕರೆಯುವ ಮೆಕ್ಕೆಜೋಳ ಅಮೆರಿಕ ಖಂಡದಿಂದ ಬಂದ ಬೇರೆಯೇ ಧಾನ್ಯ. ಹಾಗೆಯೇ ದಕ್ಷಿಣ ಕರ್ನಾಟಕದ ಅಕ್ಕಿ ರೊಟ್ಟಿ, ರಾಗಿ ರೊಟ್ಟಿಗಳಿಗೆ ಸಾಮಾನ್ಯವಾಗಿ ಈರುಳ್ಳಿ, ಮೆಣಸಿನಕಾಯಿ, ಸೊಪ್ಪು ಬೆರೆಸಿ, ಎಣ್ಣೆ ಹಾಕಿ ಕಾವಲಿಯ ಮೇಲೆಯೇ ತಟ್ಟುತ್ತಾರೆ. ಜೋಳದ ರೊಟ್ಟಿಗೆ ಬೇಕಾದದ್ದು ಹಿಟ್ಟು ಮತ್ತು ನೀರು ಮಾತ್ರ. ಉಪ್ಪು ಕೂಡ ಎಲ್ಲ ಮನೆಗಳಲ್ಲಿ ಹಾಕುವುದಿಲ್ಲ.

ಮೂಲ ಮತ್ತು ಇತಿಹಾಸ

ಜೋಳದ ತವರು ಆಫ್ರಿಕ. ಪೂರ್ವ ಸುಡಾನಿನ ಒಂದು ನೆಲೆಯಲ್ಲಿ ಸಿಕ್ಕ ಮಡಕೆಯ ಚೂರುಗಳ ಮಣ್ಣಿನಲ್ಲಿ ಜೋಳದ ಹೊಟ್ಟಿನ ಅಚ್ಚುಗಳು ಉಳಿದಿದ್ದವು. ಅವನ್ನು ಪರೀಕ್ಷಿಸಿದ ಪುರಾತತ್ತ್ವಜ್ಞರು, ಕ್ರಿ.ಪೂ. 4ನೆಯ ಸಹಸ್ರಮಾನದಲ್ಲೇ ಅಲ್ಲಿ ಜೋಳದ ಬೇಸಾಯ ನಡೆಯುತ್ತಿತ್ತೆಂದು 2017ರಲ್ಲಿ ಪ್ರಕಟಿಸಿದರು. ಭಾರತಕ್ಕೆ ಈ ಬೆಳೆ ಬಂದದ್ದು ಕ್ರಿ.ಪೂ. 2ನೆಯ ಸಹಸ್ರಮಾನದಲ್ಲಿ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಒತ್ತಾದ ತೆನೆ, ದುಂಡಗಿನ ದಪ್ಪ ಕಾಳಿನ ‘ದುರ್ರಾ’ ಗುಂಪಿನ ಜೋಳವೇ ಇಲ್ಲಿ ಹೆಚ್ಚಾಗಿ ನೆಲೆಯೂರಿತು.

ದಖ್ಖನಿನ ಎರೆ ಭೂಮಿಗೂ ಜೋಳಕ್ಕೂ ಚೆನ್ನಾಗಿ ಹೊಂದಿತು. ಮಳೆಗಾಲದಲ್ಲಿ ಕುಡಿದ ನೀರನ್ನು ಎರೆಮಣ್ಣು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ ಆ ತೇವದ ಮೇಲೆಯೇ ಬೆಳೆದು ಫೆಬ್ರುವರಿ–ಮಾರ್ಚ್ ಹೊತ್ತಿಗೆ ಕಟಾವಿಗೆ ಬರುತ್ತದೆ. ಒಕ್ಕಿದ ಜೋಳವನ್ನು ಹಗೇವು ಎಂಬ ನೆಲದೊಳಗಿನ ಕಣಜದಲ್ಲಿ ತುಂಬಿ ಬಾಯಿ ಮುಚ್ಚಿದರೆ ಬರಗಾಲದ ವರ್ಷಕ್ಕೂ ಊಟ ಉಳಿಯುತ್ತಿತ್ತು. ಹಗೇವು ತೆರೆದ ಕೂಡಲೇ ಒಳಗೆ ಇಳಿಯಬಾರದು, ಗಾಳಿಯಾಡಲು ಬಿಡಬೇಕು ಎಂಬ ಎಚ್ಚರಿಕೆ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿತ್ತು. ಉಸಿರಾಡುವ ಕಾಳು ಒಳಗಿನ ಆಮ್ಲಜನಕವನ್ನು ಹೀರಿ ಇಂಗಾಲದ ಡೈಆಕ್ಸೈಡನ್ನು ತುಂಬಿಸಿರುತ್ತದೆ.

ಉಂಡ ಅನ್ನಕ್ಕಾಗಿ ಒಡೆಯನಿಗೆ ಪ್ರಾಣ ತೆರುವ ಋಣವನ್ನು ಹಳಗನ್ನಡದಲ್ಲಿ ‘ಜೋಳದ ಪಾಳಿ’ ಎನ್ನುತ್ತಿದ್ದರು. ಸೈನಿಕನಿಗೆ ಸಿಗುತ್ತಿದ್ದ ಪಡಿ ಜೋಳದ್ದಾಗಿತ್ತೆಂಬುದನ್ನು ಈ ಮಾತು ಸೂಚಿಸುತ್ತದೆ. ಅದೇ ನಾಡಿನ ಅರಮನೆಯಲ್ಲಿ ಪದ್ಧತಿ ಬೇರೆ: ಕಲ್ಯಾಣದ ಚಾಲುಕ್ಯ ದೊರೆ 3ನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅಡುಗೆಯ ಭಾಗದಲ್ಲಿ ಗೋಧಿಯಿಂದ ಮಾಡುವ ಮಂಡಕದಂಥ ಭಕ್ಷ್ಯಗಳ ವಿವರವಿದೆ.

ಧಾನ್ಯ ಮತ್ತು ಹಿಟ್ಟು

ರೊಟ್ಟಿಗೆ ಹಿಂಗಾರಿ ಜೋಳವೇ ಮೇಲು. ಅದರಲ್ಲೂ ಹೆಸರಾದದ್ದು ಮಾಲದಂಡಿ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಸ್ಥಳೀಯ ಮಾಲದಂಡಿಯಿಂದ 1930ರ ದಶಕದಲ್ಲಿ ಆಯ್ದ ಎಂ 35-1 ತಳಿ ಇಂದಿಗೂ ಹೊಲದಲ್ಲಿದೆ. ಇದರ ಕಾಳು ಮುತ್ತಿನಂತೆ ಬೆಳ್ಳಗೆ, ಹೊಳಪಾಗಿ ಇರುತ್ತದೆ. ಹಿಟ್ಟಿಗೆ ಜಿಗಿ ಹೆಚ್ಚು, ರೊಟ್ಟಿಗೆ ನಸುಸಿಹಿ. ಮುಂಗಾರಿನಲ್ಲಿ ಬೆಳೆಯುವ ಹೈಬ್ರಿಡ್ ಜೋಳ ಇಳುವರಿಯಲ್ಲಿ ಮುಂದು. ಆದರೆ ತೆನೆ ಬಲಿಯುವ ಹೊತ್ತಿಗೆ ಮಳೆ ಹಿಡಿದರೆ ಕಾಳಿಗೆ ಬೂಷ್ಟು ಬಂದು ಕಪ್ಪಾಗುತ್ತದೆ, ಹಿಟ್ಟು ಸಪ್ಪೆಯಾಗಿ ಅಂಟು ಕಳೆದುಕೊಳ್ಳುತ್ತದೆ. ಪೇಟೆಯಲ್ಲಿ ಎರಡರ ದರವೂ ಬೇರೆ. ಕೇಂದ್ರ ಸರ್ಕಾರ ಬೆಂಬಲ ಬೆಲೆ ಪ್ರಕಟಿಸುವಾಗಲೂ ಹೈಬ್ರಿಡ್ ಮತ್ತು ಮಾಲದಂಡಿಗಳನ್ನು ಪ್ರತ್ಯೇಕವಾಗಿ ನಮೂದಿಸುತ್ತದೆ: 2025–26ನೆಯ ಸಾಲಿಗೆ ಕ್ವಿಂಟಲಿಗೆ ಕ್ರಮವಾಗಿ 3,699 ಮತ್ತು 3,749 ರೂಪಾಯಿ.

ಜೋಳವನ್ನು ಹಸನು ಮಾಡಿ, ಕಲ್ಲು-ಹೊಟ್ಟು ತೆಗೆದು, ಬಿಸಿಲಿಗೆ ಹಾಕಿ ಗಿರಣಿಗೆ ಒಯ್ಯುತ್ತಾರೆ. ಹಿಟ್ಟು ನುಣ್ಣಗಿರಬೇಕು, ರವೆರವೆಯಾದ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಅಂಚು ಒಡೆಯುತ್ತದೆ. ಜೋಳದ ಮೊಳಕೆಯ ಭಾಗದಲ್ಲಿ ಕೊಬ್ಬಿನ ಅಂಶ ಇರುವುದರಿಂದ ಬೀಸಿದ ಹಿಟ್ಟು ಬಹಳ ದಿನ ತಡೆಯುವುದಿಲ್ಲ. ವಾರಗಳು ಕಳೆದಂತೆ ಕಹಿ ಹತ್ತುತ್ತದೆ, ಜಿಗಿ ಇಳಿಯುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳವನ್ನು ಚೀಲಗಟ್ಟಲೆ ತುಂಬಿಟ್ಟರೂ ಹಿಟ್ಟನ್ನು ಮಾತ್ರ ಆಗಾಗ್ಗೆ ಸ್ವಲ್ಪಸ್ವಲ್ಪವೇ ಬೀಸಿಸುವುದು ಇದಕ್ಕಾಗಿಯೇ. ಪೇಟೆಯ ಪ್ಯಾಕೆಟ್ ಹಿಟ್ಟಿನಲ್ಲಿ ಮೊದಲ ಬಾರಿ ರೊಟ್ಟಿ ಮಾಡಹೊರಟವರಿಗೆ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಹಳೆಯ ಹಿಟ್ಟಿನಿಂದ ಬಂದವು. ಜಿಗಿ ಕಡಿಮೆಯಿರುವ ಜೋಳಕ್ಕೆ ಬೀಸುವಾಗಲೇ ಹಿಡಿ ಉದ್ದಿನಬೇಳೆ ಸೇರಿಸುವ ರೂಢಿ ಕೆಲವು ಕಡೆ ಇದೆ.

ಮೆತ್ತಗಾಗುವ ಬಗೆ

ಗೋಧಿಹಿಟ್ಟಿಗೆ ನೀರು ಬಿದ್ದು ನಾದಿದಾಗ ಅದರೊಳಗಿನ ಪ್ರೋಟೀನುಗಳು ಸೇರಿ ಗ್ಲುಟೆನ್ ಎಂಬ ಎಳೆಎಳೆಯಾದ ಜಾಲ ಹುಟ್ಟುತ್ತದೆ. ಚಪಾತಿಯ ಹಿಟ್ಟು ಎಳೆದರೆ ಹಿಗ್ಗುವುದು ಅದರಿಂದ. ಜೋಳದಲ್ಲಿ ಗ್ಲುಟೆನ್ ಇಲ್ಲ. ಅದರ ಮುಖ್ಯ ಪ್ರೋಟೀನು ಕಾಫಿರಿನ್. ಅದು ನೀರಿನಲ್ಲಿ ಕರಗದೆ ಸಣ್ಣ ಸಣ್ಣ ಗುಳಿಗೆಗಳಂತೆ ಕಾಳಿನೊಳಗೆ ಉಳಿಯುತ್ತದೆ. ಹೀಗಾಗಿ ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಎಷ್ಟು ನಾದಿದರೂ ಒದ್ದೆ ಮರಳಿನ ಹಾಗೆ ಬಿರಿಯುತ್ತಲೇ ಇರುತ್ತದೆ.

ಆ ಕೊರತೆಯನ್ನು ತುಂಬುವುದು ಎಸರು. ರೊಟ್ಟಿಗಾಗಿ ಒಲೆಯ ಮೇಲಿಟ್ಟು ಕುದಿಸುವ ನೀರಿಗೆ ಈ ಹೆಸರು. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಜೋಳದ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ, ಒಡೆದು, ಗಂಜಿಯಾಗುತ್ತವೆ. ಹಿಟ್ಟಿನ ಒಂದು ಭಾಗ ಹೀಗೆ ಬೆಂದು ಅಂಟಾದರೆ ಉಳಿದ ಹಸಿ ಹಿಟ್ಟನ್ನು ಅದು ಹಿಡಿದುಕೊಳ್ಳುತ್ತದೆ. ಎಲ್ಲ ಹಿಟ್ಟೂ ಬೆಂದುಬಿಟ್ಟರೆ ಮುದ್ದೆಯಾಗಿ ಕೈಗೆ ಮೆತ್ತುತ್ತದೆ, ಏನೂ ಬೇಯದಿದ್ದರೆ ಬಿರಿಯುತ್ತದೆ. ಎಸರು ಹಾಕಿದ ಮೇಲೆ ತಣ್ಣೀರು ಚಿಮುಕಿಸಿ ನಾದುವ ಕ್ರಮ ಈ ಎರಡರ ನಡುವಿನ ಹದಕ್ಕಾಗಿ.

ಬೆಂದ ರೊಟ್ಟಿ ಆರಿದ ಮೇಲೆ ಬಿರುಸಾಗುವುದಕ್ಕೂ ಪಿಷ್ಟವೇ ಕಾರಣ. ಬಿಸಿಯಲ್ಲಿ ಬಿಡಿಸಿಕೊಂಡಿದ್ದ ಪಿಷ್ಟದ ಸರಪಳಿಗಳು ತಣ್ಣಗಾಗುತ್ತಲೇ ಮತ್ತೆ ಒತ್ತಾಗಿ ಜೋಡಿಸಿಕೊಳ್ಳುತ್ತವೆ. ನೀರು ಪೂರ್ತಿ ಹೋಗದಿದ್ದರೂ ರೊಟ್ಟಿ ಗಟ್ಟಿಯಾಗುವುದು ಅದರಿಂದ. ಮತ್ತೆ ಬಿಸಿ ಮಾಡಿದರೆ ಸ್ವಲ್ಪ ಹೊತ್ತು ಮೆತ್ತಗಾಗುವುದೂ ಅದರಿಂದಲೇ.

ತಯಾರಿಕೆ

ಪರಾತದಲ್ಲಿ ಹಿಟ್ಟು ಜರಡಿ ಹಿಡಿದು ನಡುವೆ ಗುಣಿ ಮಾಡುತ್ತಾರೆ. ಕುದಿಯುವ ಎಸರನ್ನು ಆ ಗುಣಿಗೆ ಸುರಿದು ಸೌಟಿನ ಹಿಡಿಕೆಯಿಂದ ಕಲಕಿ, ಮೇಲೆ ಒಣಹಿಟ್ಟು ಎಳೆದು ಸ್ವಲ್ಪ ಹೊತ್ತು ಬಿಡುತ್ತಾರೆ. ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲಿನಿಂದ ಒಂದು ಬಟ್ಟಲು ನೀರು ಹಿಡಿಯುತ್ತದೆ. ಹೊಸ ಜೋಳ, ಹಳೆ ಜೋಳ, ಬೀಸಿದ ನುಣುಪು ಇವುಗಳ ಮೇಲೆ ಅಳತೆ ಏರುಪೇರಾಗುತ್ತದೆ. ಕೈ ತಾಳುವಷ್ಟು ಬಿಸಿ ಇಳಿದ ಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಚಪಾತಿಯ ಹಾಗೆ ಹಿಟ್ಟೆಲ್ಲವನ್ನೂ ಒಮ್ಮೆಗೇ ನಾದಿ ನೆನೆಯಲು ಇಡುವುದಿಲ್ಲ. ಒಂದು ರೊಟ್ಟಿಗೆ ಬೇಕಾದಷ್ಟನ್ನು ಮುರಿದುಕೊಂಡು, ಕೈಯದ್ದಿಕೊಂಡು ಆಗಿಂದಾಗಲೇ ಮತ್ತೊಮ್ಮೆ ನಾದಿ ನುಣುಪಾದ ಉಂಡೆ ಮಾಡುತ್ತಾರೆ. ಉಂಡೆಯನ್ನು ಅಂಗೈಯಲ್ಲಿ ಒತ್ತಿದಾಗ ಅಂಚಿನಲ್ಲಿ ಬಿರುಕು ಕಂಡರೆ ನಾದಿದ್ದು ಸಾಲದು ಎಂದರ್ಥ.

ಇನ್ನು ಬಡಿಯುವುದು. ಮರದ ಪರಾತದಲ್ಲೋ ಕಲ್ಲಿನ ಮೇಲೋ ಒಣಹಿಟ್ಟು ಹರಡಿ ಉಂಡೆಯನ್ನಿಡುತ್ತಾರೆ. ಬಲ ಅಂಗೈ ಮೇಲಿಂದ ಪಟಪಟನೆ ಬಡಿಯುತ್ತಿದ್ದರೆ ಎಡಗೈ ಬೆರಳುಗಳು ಅಂಚಿಗೆ ಆತುಕೊಂಡು ಒಡೆಯದಂತೆ ಕಾಯುತ್ತವೆ. ಬಡಿತದ ಓರೆಗೇ ರೊಟ್ಟಿ ತಾನಾಗಿ ತಿರುಗುತ್ತಾ ಅಗಲವಾಗುತ್ತದೆ. ಕೆಳಗೆ ಒಣಹಿಟ್ಟು ಕಡಿಮೆಯಾದರೆ ಅದು ತಿರುಗುವುದು ನಿಲ್ಲುತ್ತದೆ. ಅಲ್ಲಿ ಒತ್ತಾಯ ಮಾಡಿದರೆ ಹರಿಯುತ್ತದೆ. ಕೈ ಪಳಗಿದವರು ಒಂದು ರೊಟ್ಟಿ ಹಂಚಿನ ಮೇಲೆ ಬೇಯುವಷ್ಟರಲ್ಲಿ ಇನ್ನೊಂದನ್ನು ಬಡಿದು ಮುಗಿಸುತ್ತಾರೆ.

ಬಡಿದ ರೊಟ್ಟಿಯನ್ನು ಎರಡೂ ಕೈಗಳಿಂದ ಎತ್ತಿ, ಒಣಹಿಟ್ಟು ಹತ್ತಿದ ಬದಿ ಮೇಲೆ ಬರುವಂತೆ ಕಾದ ಹಂಚಿಗೆ ಹಾಕುತ್ತಾರೆ. ತಕ್ಷಣ ಒದ್ದೆ ಅರಿವೆಯಿಂದ ಮೇಲ್ಮೈಯ ತುಂಬ ನೀರು ಸವರುತ್ತಾರೆ. ಮೇಲಿನ ಒಣಹಿಟ್ಟು ಈ ನೀರನ್ನು ಹೀರಿ, ಬಿಸಿಗೆ ಬೆಂದು, ತೆಳುವಾದ ಬಿಗಿ ಪೊರೆಯಾಗುತ್ತದೆ. ನೀರಿನ ಹೊಳಪು ಆರುತ್ತಿದ್ದಂತೆ, ಪೂರ್ತಿ ಒಣಗುವ ಮೊದಲೇ, ತಿರುವಿ ಹಾಕಬೇಕು. ಇದು ಎಣಿಕೆಯ ಸೆಕೆಂಡುಗಳ ಕೆಲಸ: ತಡವಾದರೆ ಮೇಲ್ಮೈ ಸೀಳುತ್ತದೆ, ಆತುರಪಟ್ಟರೆ ಹಂಚಿಗೆ ಅಂಟುತ್ತದೆ. ಎರಡನೆಯ ಬದಿ ಬೆಂದ ಮೇಲೆ ಒಲೆಯ ಕೆಂಡದ ಮುಂದೆ ನಿಲ್ಲಿಸಿಯೋ, ಗ್ಯಾಸಿನ ಉರಿಗೆ ನೇರ ಹಿಡಿದೋ, ಹಂಚಿನ ಮೇಲೆಯೇ ಅರಿವೆಯಿಂದ ಅಂಚನ್ನು ಒತ್ತಿಯೋ ಉಬ್ಬಿಸುತ್ತಾರೆ. ಒಳಗಿನ ಹಬೆ ಪೊರೆಯನ್ನು ಎತ್ತಿ ರೊಟ್ಟಿಯನ್ನು ಎರಡು ಪದರ ಮಾಡುತ್ತದೆ. ಉಬ್ಬಿದ ರೊಟ್ಟಿ ಒಳಗೂ ಬೆಂದಿರುತ್ತದೆ, ಮೆತ್ತಗೂ ಇರುತ್ತದೆ. ಎಲ್ಲಾದರೂ ಸಣ್ಣ ತೂತಿದ್ದರೆ ಹಬೆ ಸೋರಿಹೋಗಿ ಅದು ಚಪ್ಪಟೆಯಾಗಿಯೇ ಉಳಿಯುತ್ತದೆ.

ಬೆಂದ ರೊಟ್ಟಿಗಳನ್ನು ಬುಟ್ಟಿಯಲ್ಲಿ ಬಟ್ಟೆ ಹಾಸಿ ಒಂದರ ಮೇಲೊಂದು ಇಟ್ಟು ಮುಚ್ಚಿದರೆ ಹಬೆಯ ತೇವದಲ್ಲಿ ಕೆಲವು ಗಂಟೆ ಮೆತ್ತಗಿರುತ್ತವೆ. ಸ್ಟೀಲಿನ ಡಬ್ಬಿಯಲ್ಲಿ ಬಿಸಿಬಿಸಿಯಾಗಿ ಮುಚ್ಚಿಟ್ಟರೆ ಹಬೆ ನೀರಾಗಿ ಇಳಿದು ರೊಟ್ಟಿ ತೊಯ್ಯುತ್ತದೆ. ಬುಟ್ಟಿಗೆ ಆ ತೊಂದರೆಯಿಲ್ಲ.

ಬಡಿಯಲು ಬಾರದವರು ನಗರಗಳಲ್ಲಿ ಬೇರೆ ಹಾದಿ ಹಿಡಿದಿದ್ದಾರೆ. ಹಿಟ್ಟನ್ನು ಕುದಿಯುವ ನೀರಿಗೇ ಸುರಿದು, ಒಲೆ ಆರಿಸಿ ಮುಚ್ಚಿಟ್ಟು, ಆಮೇಲೆ ನಾದುತ್ತಾರೆ. ಬೆಂದ ಪಿಷ್ಟದ ಪಾಲು ಹೆಚ್ಚುವುದರಿಂದ ಈ ಹಿಟ್ಟನ್ನು ಚಪಾತಿಯಂತೆ ಲಟ್ಟಣಿಗೆಯಲ್ಲಿ ಲಟ್ಟಿಸಬಹುದು. ಗೋಧಿಹಿಟ್ಟು ಬೆರೆಸುವವರೂ ಇದ್ದಾರೆ. ಕೆಲಸ ಹಗುರವಾಗುತ್ತದೆ, ಆದರೆ ಗ್ಲುಟೆನ್ ಬೇಡವೆಂದೇ ಜೋಳಕ್ಕೆ ಬಂದವರಿಗೆ ಆ ರೊಟ್ಟಿ ಸಲ್ಲದು.

ಬಗೆಗಳು

ಬಿಸಿ ರೊಟ್ಟಿ ಅಥವಾ ಮೆತ್ತನೆಯ ರೊಟ್ಟಿ ಹಂಚಿನಿಂದ ನೇರ ತಟ್ಟೆಗೆ ಬರುವಂಥದ್ದು. ಖಡಕ್ ರೊಟ್ಟಿಯನ್ನು ಕಟಕ ರೊಟ್ಟಿ ಎಂದೂ ಕರೆಯುತ್ತಾರೆ. ಇದನ್ನು ಇನ್ನೂ ತೆಳ್ಳಗೆ ಬಡಿದು, ಬೆಂದ ಮೇಲೆ ಸಣ್ಣ ಉರಿಯ ಮುಂದೆಯೋ ಬಿಸಿಲಿನಲ್ಲೋ ತೇವವೆಲ್ಲ ಹೋಗುವವರೆಗೆ ಒಣಗಿಸುತ್ತಾರೆ. ಹಪ್ಪಳದಂತೆ ಮುರಿಯುವ ಈ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ದೂರದ ಪಯಣ, ಜಾತ್ರೆ, ಸುಗ್ಗಿಯ ದಿನಗಳಿಗೆ ಇದೇ ಬುತ್ತಿ.

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಧಾನ್ಯದಲ್ಲಿ ಬೇರೆಯಾದರೂ ಮಾಡುವ ಕ್ರಮದಲ್ಲಿ ಜೋಳದ ರೊಟ್ಟಿಯ ಒಡಹುಟ್ಟು. ಚಳಿಗಾಲದ ಹಬ್ಬಗಳಲ್ಲಿ ಎರಡನ್ನೂ ಜೊತೆಗೆ ಮಾಡುತ್ತಾರೆ. ದಪ್ಪಗೆ ಬಡಿದ ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಜೀರಿಗೆ, ಮೆಣಸಿನಕಾಯಿ, ಉಪ್ಪಿನೊಂದಿಗೆ ಕುಟ್ಟಿ, ಎಣ್ಣೆಯನ್ನೋ ತುಪ್ಪವನ್ನೋ ಬಿಟ್ಟು ಮುಷ್ಟಿಯಲ್ಲಿ ಉಂಡೆ ಕಟ್ಟಿದರೆ ಮುಟಗಿ. ಉಳಿದ ಖಡಕ್ ರೊಟ್ಟಿಯನ್ನು ಮುರಿದು ನೀರು ಚಿಮುಕಿಸಿ ಉಳ್ಳಾಗಡ್ಡಿಯ ಒಗ್ಗರಣೆ ಹಾಕುವುದುಂಟು.

ಊಟದಲ್ಲಿ

ರೊಟ್ಟಿಯ ಜೊತೆಗೆ ಬರುವ ಪಲ್ಯ-ಹಿಂಡಿಗಳ ಸಾಲು ದೊಡ್ಡದು: ಬದನೆಕಾಯಿಯ ಎಣ್ಣೆಗಾಯಿ, ಕಡಲೆಹಿಟ್ಟಿನ ಝುಣಕ, ಪುಂಡಿಪಲ್ಯ, ಹೆಸರುಕಾಳು ಅಥವಾ ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಪುಡಿ, ಕೆಂಪು ಖಾರ, ಕೆನೆ ಮೊಸರು. ಬದಿಗೆ ಹಸಿ ಉಳ್ಳಾಗಡ್ಡಿ, ಮೆಂತ್ಯ, ಹಕ್ಕರಕಿ ಸೊಪ್ಪು. ಜೋಳದ ರುಚಿ ಸೌಮ್ಯವಾದದ್ದರಿಂದ ಖಾರ, ಹುಳಿ, ಎಣ್ಣೆಗಳ ಹೊರೆಯನ್ನು ಈ ನೆಂಜಿಕೆಗಳೇ ಹೊರುತ್ತವೆ.

ಪೋಷಕಾಂಶಗಳ ಲೆಕ್ಕದಲ್ಲಿ 100 ಗ್ರಾಂ ಜೋಳದಿಂದ ಸುಮಾರು 334 ಕಿಲೋಕ್ಯಾಲರಿ ಶಕ್ತಿ, ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರು, ಸುಮಾರು 4 ಮಿಲಿಗ್ರಾಂ ಕಬ್ಬಿಣ ಸಿಗುತ್ತವೆ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕ ತಿಳಿಸುತ್ತದೆ. ಬೇಯಿಸಿದಾಗ ಕಾಫಿರಿನ್ ಇನ್ನಷ್ಟು ಬಿಗಿಯಾಗುವುದರಿಂದ ಜೋಳದ ಪ್ರೋಟೀನು ಗೋಧಿಯದರಷ್ಟು ಸುಲಭವಾಗಿ ಜೀರ್ಣವಾಗುವುದಿಲ್ಲ. ಅದರಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲವೂ ಕಡಿಮೆ. ಕಾಳುಪಲ್ಯ, ಝುಣಕ, ಮೊಸರು ಈ ಕೊರತೆಯನ್ನು ತುಂಬುತ್ತವೆ. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯವರು ಜೋಳವನ್ನು ತಿನ್ನಬಹುದು. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿಸಿದರೆ ಕಲ್ಲಿನಲ್ಲಿ ಉಳಿದ ಗೋಧಿಹಿಟ್ಟು ಬೆರೆಯುತ್ತದೆ.

ಹಬ್ಬ ಮತ್ತು ಜಾತ್ರೆ

ನಾಗರಪಂಚಮಿಗೆ ಮುನ್ನ ಉತ್ತರ ಕರ್ನಾಟಕದ ಹಲವೆಡೆ ರೊಟ್ಟಿ ಪಂಚಮಿ ಆಚರಿಸುತ್ತಾರೆ. ಮುಂಚಿತವಾಗಿಯೇ ಬಡಿದಿಟ್ಟ ಖಡಕ್ ರೊಟ್ಟಿಗಳನ್ನು ಬಗೆಬಗೆಯ ಪಲ್ಯ, ಹಿಂಡಿಗಳ ಜೊತೆ ನೆರೆಹೊರೆಯವರಿಗೆ, ಬಂಧುಗಳಿಗೆ ಹಂಚಿ, ಅವರ ಮನೆಯವನ್ನು ಪಡೆಯುವುದು ಆ ದಿನದ ವಾಡಿಕೆ. ಎಳ್ಳಮಾವಾಸ್ಯೆಯಲ್ಲಿ ಮನೆಮಂದಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ (ಅಡುಗೆಯ ಒಂದು ಪಾಲನ್ನು ಬೆಳೆಗೆ ಎರಚಿ), ಅಲ್ಲೇ ಕುಳಿತು ಉಣ್ಣುತ್ತಾರೆ. ಆ ಹೊತ್ತಿಗೆ ಹಿಂಗಾರಿ ಜೋಳ ಎದೆಯೆತ್ತರ ಬೆಳೆದು ನಿಂತಿರುತ್ತದೆ.

ಗದಗ ಜಿಲ್ಲೆಯ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಗೆ ರೊಟ್ಟಿ ಜಾತ್ರೆ ಎಂದೇ ಹೆಸರು. ಜಾತಿಭೇದವಿಲ್ಲದೆ ಎಲ್ಲರೂ ಕುಳಿತು ರೊಟ್ಟಿ ಊಟ ಮಾಡುವುದು ಅದರ ಮುಖ್ಯ ಭಾಗ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ದಿನಗಟ್ಟಲೆ ಬಡಿದ ಲಕ್ಷಗಟ್ಟಲೆ ರೊಟ್ಟಿಗಳು ಟ್ರ್ಯಾಕ್ಟರುಗಳಲ್ಲಿ ಬರುತ್ತವೆ.

ಇಂದಿನ ಸ್ಥಿತಿ

1960ರ ದಶಕದ ಆರಂಭದಲ್ಲಿ ಭಾರತದ ಸುಮಾರು 1.8 ಕೋಟಿ ಹೆಕ್ಟೇರಿನಲ್ಲಿ ಜೋಳ ಬೆಳೆಯುತ್ತಿತ್ತು. ಈಗ ಅದು 40 ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ. ನೀರಾವರಿ ಬಂದ ಕಡೆ ಕಬ್ಬು, ಬತ್ತ ಬಂದವು. ಮಳೆಯಾಶ್ರಿತ ಹೊಲಕ್ಕೆ ಕಡಲೆ, ತೊಗರಿ, ಸೋಯಾ, ಹತ್ತಿ ನುಗ್ಗಿದವು. ಹಿಂಗಾರಿ ಜೋಳವನ್ನು ಬುಡಸಹಿತ ಕೈಯಿಂದ ಕೀಳಬೇಕು. ಆ ಕೆಲಸಕ್ಕೆ ಆಳು ಸಿಗುವುದು ಕಷ್ಟ. ಪಡಿತರದಲ್ಲಿ ಅಗ್ಗದ ಅಕ್ಕಿ ಸಿಗತೊಡಗಿದ ಮೇಲೆ, ಅದರಲ್ಲೂ 2013ರಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾದ ನಂತರ, ಉತ್ತರದ ಜಿಲ್ಲೆಗಳ ಮನೆಗಳಲ್ಲೂ ಅನ್ನದ ಪಾಲು ಹೆಚ್ಚಿತು. ಇಷ್ಟಾದರೂ ಹಿಂಗಾರಿ ಜೋಳ ಪೂರ್ತಿ ಅಳಿಯದೆ ಉಳಿದಿರುವುದಕ್ಕೆ ಕಾಳಿನಷ್ಟೇ ಅದರ ಕಣಿಕೆಯೂ (ಒಣದಂಟು) ಕಾರಣ: ಬೇಸಿಗೆಯಲ್ಲಿ ದನಗಳಿಗೆ ಅದೇ ಮೇವು, ಬರದ ವರ್ಷದಲ್ಲಿ ಕಾಳಿಗಿಂತ ಮೇವಿಗೇ ಗಿರಾಕಿ ಹೆಚ್ಚು.

ತಿನ್ನುವವರ ಬೇಡಿಕೆ ಮಾತ್ರ ನಗರಗಳಲ್ಲಿ ಏರಿದೆ. ಮಧುಮೇಹ, ತೂಕಗಳ ಚಿಂತೆ ಇದಕ್ಕೆ ಒಂದು ಕಾರಣ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದ್ದರಿಂದ ಪ್ರಚಾರವೂ ಸಿಕ್ಕಿತು. ಹುಬ್ಬಳ್ಳಿ, ವಿಜಯಪುರ, ಕಲಬುರಗಿಗಳಲ್ಲಿ ಹೆಂಗಸರೇ ನಡೆಸುವ ರೊಟ್ಟಿ ಕೇಂದ್ರಗಳು ಮನೆ, ಹಾಸ್ಟೆಲ್, ಖಾನಾವಳಿ, ಮದುವೆಗಳಿಗೆ ಎಣಿಕೆಯ ಲೆಕ್ಕದಲ್ಲಿ ರೊಟ್ಟಿ ಒದಗಿಸುತ್ತವೆ. ಕಲಬುರಗಿ ಜಿಲ್ಲಾಡಳಿತ ಸ್ವಸಹಾಯ ಸಂಘಗಳ ಮಹಿಳೆಯರ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಡಿ ಮಾರಾಟಕ್ಕೆ ತಂದಿತು. 2025ರ ಜೂನ್‌ನಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ ಬಾನುಲಿ ಭಾಷಣದಲ್ಲಿ ಈ ಉದ್ಯಮದ ಪ್ರಸ್ತಾಪ ಬಂತು.

ದೊಡ್ಡ ಪ್ರಮಾಣದ ತಯಾರಿಕೆಗೆ ಈಗ ಯಂತ್ರಗಳಿವೆ. ಬಿಸಿನೀರಿನಲ್ಲಿ ಕಲಸಿದ ಹಿಟ್ಟನ್ನು ನಾದುವುದು, ಹಾಳೆಯಂತೆ ಒತ್ತಿ ದುಂಡಗೆ ಕತ್ತರಿಸುವುದು ಅವುಗಳ ಕೆಲಸ. ಕೈಬಡಿತದಲ್ಲಿ ತೆಳುವಾಗುವ ಅಂಚು ಇದರಲ್ಲಿ ಬರುವುದಿಲ್ಲ, ಎಲ್ಲ ಕಡೆ ಒಂದೇ ದಪ್ಪ. ಯಂತ್ರದಿಂದ ಬಂದದ್ದಾಗಲಿ ಕೈಯಿಂದ ಬಡಿದದ್ದಾಗಲಿ, ಬೆಂಗಳೂರು, ಪುಣೆ, ಮುಂಬೈ ಪೇಟೆಗಳಿಗೂ ಹೊರದೇಶದ ಕನ್ನಡಿಗರ ಮನೆಗಳಿಗೂ ಪ್ಯಾಕೆಟ್ಟಿನಲ್ಲಿ ಸಾಗುವುದು ಹೆಚ್ಚಾಗಿ ಖಡಕ್ ರೊಟ್ಟಿಯೇ. ಮೆತ್ತನೆಯ ರೊಟ್ಟಿ ಕೆಲವೇ ಗಂಟೆಗಳಲ್ಲಿ ಬಿರುಸಾಗುವುದರಿಂದ ಅದರ ವ್ಯಾಪಾರ ರೊಟ್ಟಿ ಕೇಂದ್ರದ ಸುತ್ತಲಿನ ಓಣಿಗಳಿಗೆ, ಖಾನಾವಳಿಯ ಊಟದ ಹೊತ್ತಿಗೆ ಸೀಮಿತವಾಗಿದೆ.